ಮೂರು ತೂತು ಕೊರೆಯುವಷ್ಟು ಹೊತ್ತು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಇದು ಗಡಿಯಾರ ನೋಡಿ ಹೇಳುತ್ತಿರುವುದಲ್ಲ. ನಮ್ಮ ಯಂತ್ರ ತಾನು ಮಾಡಿದ್ದೆಲ್ಲವನ್ನೂ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಆ ದಿನದ ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಕಣ್ಣು ಮುಚ್ಚಿದರೂ ಎದುರಿಗೆ ಬರುತ್ತದೆ: ಹನ್ನೊಂದು ನಲವತ್ತೆರಡು, ಲೇಸರ್ ಚಾಲೂ, ಬಾಗಿಲು ಮುಚ್ಚಿದೆ.

ಬಾಗಿಲು ಮುಚ್ಚಿರಲಿಲ್ಲ. ಪೂರ್ತಿ ಮೇಲಕ್ಕೆ ಎದ್ದಿತ್ತು. ಅದರೊಳಗೆ ಒಬ್ಬ ಮನುಷ್ಯನ ಎರಡು ಕೈ ಮತ್ತು ಮುಖ ಇತ್ತು.

ಹೊನ್ನಾಳಿಯಲ್ಲಿ ಊರು ಮುಗಿಯುವ ಕಡೆ, ಹಿಂದೆ ಮೆಕ್ಕೆಜೋಳದ ಗೋದಾಮಾಗಿದ್ದ ಕಟ್ಟಡದಲ್ಲಿ ನಮ್ಮ ವರ್ಕ್‌ಶಾಪು. ಮಾಲೀಕರು ಚನ್ನಗಿರಿಯವರು. ಮನೆಯವರೆಲ್ಲ ಅಡಿಕೆ ವ್ಯಾಪಾರದಲ್ಲಿದ್ದರೆ ಇವರೊಬ್ಬರು ಎಂಜಿನಿಯರಿಂಗ್ ಓದಿ, ಬೀರುವಿನಷ್ಟು ದೊಡ್ಡದೊಂದು ಲೇಸರ್ ಯಂತ್ರ ತಂದು ಇಲ್ಲಿ ಹಾಕಿದ್ದರು. ವಾರಕ್ಕೆರಡು ಸಲ ಬಂದು ಹೋಗುತ್ತಿದ್ದರು. ಉಳಿದ ದಿನ ನಾವು ಇಬ್ಬರೇ.

ಒಬ್ಬಳು ನಾನು. ಜಗಳೂರಿನವಳು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹೊನ್ನಾಳಿಯಲ್ಲಿ ಒಂದು ರೂಮು ಹಿಡಿದು ಒಬ್ಬಳೇ ಇದ್ದವಳು. ಇನ್ನೊಬ್ಬರು ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು. ಐವತ್ತೈದರ ಆಸುಪಾಸು. ಅವರು ಹಿಂದೆ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಜನ ಹೊತ್ತು ನೋಡಲು ಫೋನು ತೆಗೆಯತೊಡಗಿದ ಮೇಲೆ ಆ ಅಂಗಡಿ ಮುಚ್ಚಿತು. ಸಣ್ಣ ವಸ್ತುವನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿಯಬಲ್ಲ ಕೈ ಅವರದು, ಅದಕ್ಕೇ ಮಾಲೀಕರು ಕರೆತಂದಿದ್ದರು. ನಾನು ಅವರನ್ನು ಅಣ್ಣಾರೇ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಏನಾದರೂ ತಪ್ಪು ಮಾಡಿದ ದಿನ ಮಾತ್ರ ಎಂಎಸ್ಸಿ ಮೇಡಮ್ಮು.

ಕೆಲಸ ಏನೆಂದು ಅಕ್ಕ ಫೋನಿನಲ್ಲಿ ಕೇಳಿದಾಗಲೆಲ್ಲ ನಾನು, "ಗಾಜಿಗೆ ತೂತು ಹಾಕೋದು," ಎಂದು ಮುಗಿಸಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಗಾಜಿಗಿಂತ ಗಟ್ಟಿ. ದುಬಾರಿ ಕೈಗಡಿಯಾರದ ಮುಖಕ್ಕೆ ಕೂರಿಸುವ, ಬಣ್ಣವೇ ಇಲ್ಲದ ಸಫೈರ್ ಹರಳು. ಕೆಲವೊಮ್ಮೆ ಸ್ಫಟಿಕದ ಬಿಲ್ಲೆ. ಹೆಬ್ಬೆರಳ ಉಗುರಿನಷ್ಟು ಅಗಲದ ತುಂಡಿನಲ್ಲಿ ಕೂದಲಿನಷ್ಟು ಸಣ್ಣ ತೂತುಗಳು, ನೂರಾರು. ಡ್ರಿಲ್ ಹಚ್ಚಿದರೆ ಹರಳು ಒಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಬಿಟ್ಟರೆ ಸುಮ್ಮನೆ ಆಚೆ ಹೋಗಿಬಿಡುತ್ತದೆ. ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು, ಸೆಕೆಂಡಿಗೆ ಸಾವಿರಾರು ಸಲ ಮಿಡಿಯುವಂಥದ್ದು. ಅದೂ ಹರಳಿನೊಳಗೆ ಹಾದುಹೋಗುತ್ತದೆ, ಆದರೆ ಎಲ್ಲಿ ಚುಕ್ಕಿಯಾಗಿ ಕೂಡುತ್ತದೋ ಅಲ್ಲಿ ಮಾತ್ರ ಹರಳನ್ನು ಪುಡಿ ಮಾಡುತ್ತದೆ. ಹಾಗಾಗಿ ನಾವು ಕೊರೆಯುವುದು ಕೆಳಗಿನಿಂದ ಮೇಲಕ್ಕೆ. ಬೆಳಕು ಮೇಲಿನ ಮೈಯನ್ನು ಏನೂ ಮಾಡದೆ ದಾಟಿ, ತಳದಲ್ಲಿ ಕೆಲಸ ಶುರು ಮಾಡಿ, ಪುಡಿಯನ್ನು ಕೆಳಗೆ ಉದುರಿಸುತ್ತಾ ಮೇಲೇರಿ ಬರುತ್ತದೆ.

ಮೊದಲ ದಿನ ಇದನ್ನು ನಾನು ವಿವರಿಸಿದಾಗ ಅಣ್ಣಾರು, "ಅಂದ್ರೆ ಬಾವಿ ತಳದಾಗಿಂದ ತೋಡ್ಕೊಂತ ಬರೋದು," ಎಂದರು.

"ಹೂಂ, ಹಂಗೇ."

"ತೋಡೋನು ಕಾಣಂಗಿಲ್ಲ."

"ಕಾಣಲ್ಲ ಅಣ್ಣಾರೇ. ಕಿಡಿ ಕಾಣುತ್ತೆ, ಬೆಳಕು ಕಾಣಲ್ಲ."

"ಭಾರಿ ಮನುಷ್ಯ ಅವನು," ಎಂದು ನಕ್ಕಿದ್ದರು.

ತೂತು ಸರಿಯಾಗಿದೆಯೇ ಎಂದು ನಾನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ಅವರಿಗೆ ಅದು ಬೇಕಿರಲಿಲ್ಲ. ಗಡಿಯಾರದ ಕಾಲದ ಕಪ್ಪು ಭೂತಗನ್ನಡಿಯೊಂದು ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ಅದನ್ನು ಬಲಗಣ್ಣಿಗೆ ಕಚ್ಚಿಸಿಕೊಂಡು, ಹರಳನ್ನು ಕಿಟಕಿಯ ಕಡೆ ಹಿಡಿದು, "ಮೂರ್ನೇ ಸಾಲು, ಕೊನೇಲಿಂದ ಎರಡನೇದು ಅಂಚು ಒಡದೈತೆ," ಎನ್ನುತ್ತಿದ್ದರು. ನಾನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಒಡೆದಿರುತ್ತಿತ್ತು. ಎಡಗಣ್ಣು ಬರೀ ಬಸ್ಸಿನ ಬೋರ್ಡು ಓದಲಿಕ್ಕೆ ಎಂದು ಅವರೇ ಹೇಳುತ್ತಿದ್ದರು.

ಆಯುಧಪೂಜೆಯ ದಿನ ಯಂತ್ರವನ್ನು ಒರೆಸಿ, ವಿಭೂತಿ ಹಚ್ಚಿ, ಬಾಗಿಲ ಚೌಕಟ್ಟಿಗೆ ಚೆಂಡುಹೂವಿನ ದಪ್ಪ ಹಾರ ಕಟ್ಟಿದೆವು. ಅಣ್ಣಾರು ತಮ್ಮ ಹಳೆಯ ಸಾಮಾನುಗಳನ್ನೂ ಒಂದು ತಟ್ಟೆಯಲ್ಲಿ ಯಂತ್ರದ ಮುಂದೆ ಇಟ್ಟರು: ಭೂತಗನ್ನಡಿ, ಎರಡು ಚಿಮಟ, ಸಣ್ಣ ಸ್ಕ್ರೂಡ್ರೈವರುಗಳು, ಕೆಳಗೆ ಬಿದ್ದ ತಿರುಪು ಹೆಕ್ಕಲು ಇಟ್ಟುಕೊಂಡಿದ್ದ ನಾಲ್ಕಾಣೆಯಷ್ಟಗಲದ ಅಯಸ್ಕಾಂತ. ಯಂತ್ರ ಚಾಲೂ ಇರಬೇಕು, ಬಾಗಿಲು ತೆಗೆದಿರಬೇಕು, ಒಳಗಿನ ದೀಪ ಕಾಣಬೇಕು, ಆಗಲೇ ಆರತಿ ಎಂದು ಅವರ ಹಟ. ಆದರೆ ಬಾಗಿಲು ತೆಗೆದರೆ ಯಂತ್ರ ಕೀಂ ಎಂದು ಕೂಗುತ್ತದೆ. ಬಾಗಿಲಲ್ಲಿ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಒಂದು ಸ್ವಿಚ್ಚು. ಎರಡೂ ದೂರವಾದರೆ ಲೇಸರ್ ನಿಲ್ಲುತ್ತದೆ, ಕೂಗು ಶುರುವಾಗುತ್ತದೆ.

"ಆರತಿ ಹೊತ್ನಾಗೆ ಇದೇನು ಅಳಾಕೆ ಹತ್ತೈತೆ," ಎಂದರು.

ನಾನು ತಟ್ಟೆಯಿಂದ ಅವರ ಅಯಸ್ಕಾಂತವನ್ನು ತೆಗೆದು ಆ ಸ್ವಿಚ್ಚಿನ ಮೇಲೆ ಅಂಟಿಸಿದೆ. ಕೂಗು ನಿಂತಿತು. ಅವರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು, ನೋಡಲಿಲ್ಲ. ಆರತಿ ಆಯಿತು, ಮಂಡಕ್ಕಿ ಹಂಚಿಕೊಂಡೆವು, ಬಾಗಿಲು ಇಳಿಸಿ ಬೀಗ ಹಾಕಿದೆವು. ಅಯಸ್ಕಾಂತ ಹಾರದ ಹಿಂದೆ ಉಳಿಯಿತು.

ನಮ್ಮ ಕಡೆ ಆಯುಧಪೂಜೆಯ ಹಾರವನ್ನು ಯಾರೂ ಕೀಳುವುದಿಲ್ಲ. ಬಸ್ಸಿನ ಮೂತಿಗೆ ಕಟ್ಟಿದ್ದಾಗಲಿ, ಹಿಟ್ಟಿನ ಗಿರಣಿಗೆ ಕಟ್ಟಿದ್ದಾಗಲಿ, ಒಣಗಿ ತಾನಾಗಿ ಉದುರಬೇಕು. ನಮ್ಮದೂ ಹಾಗೇ ಇತ್ತು. ಹಬ್ಬದ ಮೇಲೆ ಮೂರು ದಿನ ಕೊರೆಯಲು ಹರಳೇ ಬಂದಿರಲಿಲ್ಲ. ಆ ಮೂರು ದಿನದಲ್ಲಿ ಒಮ್ಮೆ ಅವರು ತಮ್ಮ ಡಬ್ಬಿ ಕೆದಕುತ್ತಾ, "ತಂಗೀ, ನನ್ನ ಅಯಸ್ಕಾಂತ ಕಂಡ್ಯೇನು," ಎಂದು ಕೇಳಿದರು. "ಇಲ್ಲೇ ಎಲ್ಲೋ ಇರ್ಬೇಕು ಅಣ್ಣಾರೇ, ನೋಡ್ತೀನಿ," ಎಂದೆ. ನೋಡಲಿಲ್ಲ. ಏನೋ ಓದುತ್ತಿದ್ದೆ.

ನಾಲ್ಕನೆಯ ದಿನ ಹರಳು ಬಂತು. ಯಂತ್ರ ಚಾಲೂ ಮಾಡುವ ಮೊದಲೇ ತುಂಡು ಕೂರಿಸಿದ್ದರಿಂದ, ಬಾಗಿಲು ಕೂಗುತ್ತಿಲ್ಲವೆಂಬುದು ಇಬ್ಬರಿಗೂ ಗೊತ್ತಾಗಲಿಲ್ಲ.

ಇಲ್ಲಿ ನಮ್ಮ ಒಂದು ಕೆಟ್ಟ ಅಭ್ಯಾಸ ಹೇಳಬೇಕು. ನಡುವೆ ಯಂತ್ರ ನಿಲ್ಲಿಸಬೇಕಾದರೆ ಕಂಪ್ಯೂಟರಿನಲ್ಲಿ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆಯಬೇಕು. ನಾವು ನೇರವಾಗಿ ಬಾಗಿಲು ಎತ್ತುತ್ತಿದ್ದೆವು. ಹೇಗೂ ತಾನೇ ನಿಲ್ಲುತ್ತಿತ್ತು. ಬಾಗಿಲೇ ನಮಗೆ ಗುಂಡಿ. ಕಿತ್ತಳೆ ಬಣ್ಣದ ರಕ್ಷಣೆಯ ಕನ್ನಡಕ ಮೊಳೆಗೆ ನೇತಾಡುತ್ತಿತ್ತು. ಅದನ್ನು ಹಾಕಿಕೊಂಡರೆ ಹರಳಿನ ಅಂಚು ಕಾಣುವುದಿಲ್ಲವೆಂದು ಅಣ್ಣಾರು ಹಾಕುತ್ತಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಕಂಪ್ಯೂಟರಿನ ಮುಂದಿದ್ದೆ. ಪರದೆಯ ಮೇಲೆ ಹರಳಿನ ಚಿತ್ರ, ಅದರಲ್ಲಿ ತೂತುಗಳ ಸಾಲು. ಕೊರೆದು ಮುಗಿದ ತೂತು ಹಸಿರಾಗುತ್ತದೆ, ಒಂದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು. ಪಕ್ಕದಲ್ಲಿ ಬಾಗಿಲು ಎತ್ತಿದ ಸದ್ದಾಯಿತು. "ತುಂಡು ವಾರೆ ಆದಂಗೈತೆ," ಎಂದರು. ಚಿಮಟ ಹಿಡಿದು ಒಳಗೆ ಬಗ್ಗಿದರು. ಪರದೆಯ ಮೇಲೆ ಒಂದು ತೂತು ಹಸಿರಾಯಿತು.

ನಾನು ಅದನ್ನು ನೋಡಿದೆ. ಬಾಗಿಲು ತೆಗೆದ ಮೇಲೆ ಹೇಗೆ ಹಸಿರಾಯಿತು ಎಂದುಕೊಂಡೆ. ಇನ್ನೊಂದು ಹಸಿರಾಯಿತು. ಪರದೆ ಹಿಂದುಳಿದಿರಬೇಕು ಎಂದುಕೊಂಡೆ. ಒಳಗೆ ಚಿಮಟದ ತುದಿಯಲ್ಲಿ ನೀಲಿ ಬಿಳುಪಿನ ಸಣ್ಣ ಕಿಡಿ ಹಾರಿತು. ಆಗ ನನ್ನ ಕೈ ಕೆಂಪು ಗುಂಡಿಯನ್ನು ಹೊಡೆಯಿತು. ಮೂರನೆಯದು ಅರ್ಧಕ್ಕೆ ನಿಂತಿತು.

ಇಷ್ಟೇ ನಡೆದದ್ದು. ಅವರು ಹಿಂದೆ ಸರಿದು, ಕಣ್ಣು ಉಜ್ಜಿ, "ಯಾಕೆ ತಂಗಿ, ಹಂಗೆ ಕುಟ್ಟಿದೆ," ಎಂದರು.

"ಅದು ನಡೀತಾ ಇತ್ತು ಅಣ್ಣಾರೇ."

"ಬಾಗ್ಲು ತೆಗ್ದೀನಲ್ಲ."

"ಕಣ್ಣು ಹೆಂಗೈತೆ?"

"ಚೆನ್ನಾಗೈತೆ. ಏನೂ ಆಗಿಲ್ಲ."

ಏನೂ ಆಗಿಲ್ಲವೆನ್ನುವುದು ನಂಬುವ ಮಾತಲ್ಲವೆಂದು ನನಗೆ ಗೊತ್ತಿತ್ತು. ಚಿಮಟಕ್ಕೆ ಬಡಿದು ಚಿಮ್ಮಿದ ಆ ಬೆಳಕು ಕಣ್ಣಿಗೆ ತಾಗಿದ ತಕ್ಷಣ ನೋವು ಗೊತ್ತಾಗುವುದಿಲ್ಲ. ಕಣ್ಣಿನ ಮುಂಭಾಗವೂ ಒಂದು ಪಾರದರ್ಶಕ ವಸ್ತುವೇ, ಹರಳಿನಷ್ಟು ಗಟ್ಟಿಯಲ್ಲ, ಅಷ್ಟೇ. ಈಗಲೇ ಆಸ್ಪತ್ರೆಗೆ ಹೋಗೋಣ ಎಂದೆ, ಊಟ ಆಗಲಿ ಎಂದರು. ಸಂಜೆ ನಾಲ್ಕರ ಹೊತ್ತಿಗೆ ಬಲಗಣ್ಣು ಕೆಂಪಾಗಿ ನೀರು ಸುರಿಯತೊಡಗಿತು. "ಕಣ್ಣಾಗೆ ಉಸುಕು ತುಂಬಿದಂಗಾಗೈತೆ," ಎಂದು ಟವೆಲ್ಲು ಒತ್ತಿಕೊಂಡು ಕೂತರು. ಮಾಲೀಕರು ಚನ್ನಗಿರಿಯಿಂದ ಕಾರಿನಲ್ಲಿ ಬಂದು ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು.

ವರ್ಕ್‌ಶಾಪಿನಲ್ಲಿ ನಾನೊಬ್ಬಳೇ ಉಳಿದೆ. ಏನು ಮಾಡಬೇಕೆಂದು ತಿಳಿಯದೆ ಬಾಗಿಲನ್ನು ಇಳಿಸಿ ಎತ್ತಿ ನೋಡಿದೆ. ಕೂಗಲಿಲ್ಲ. ಆಗ ನೆನಪಾಯಿತು. ಹಾರವನ್ನು ಎಳೆದೆ, ಒಣಗಿದ ಎಸಳು ನೆಲಕ್ಕೆ ಉದುರಿತು. ಅದರ ಹಿಂದೆ ಅಯಸ್ಕಾಂತ ಇದ್ದಲ್ಲೇ ಇತ್ತು. ಕಿತ್ತು ಕೈಚೀಲಕ್ಕೆ ಹಾಕಿಕೊಂಡೆ. ಬಚ್ಚಿಡಬೇಕೆಂದು ಯೋಚಿಸಿ ಮಾಡಿದ್ದಲ್ಲ ಎಂದು ಇಂದೂ ಅನಿಸುತ್ತದೆ. ಆದರೆ ಮೇಜಿನ ಮೇಲೆ ಇಡಬಹುದಿತ್ತು, ಇಡಲಿಲ್ಲ.

ವೈದ್ಯರು ಹೇಳಿದ್ದು ಎರಡು ಮಾತು. ಕಣ್ಣಿನ ಮೇಲಿನ ಪದರ ಸುಟ್ಟಿದೆ, ಅದು ವಾರದಲ್ಲಿ ಬೆಳೆದುಕೊಳ್ಳುತ್ತದೆ. ಒಳಗಿನ ಮಸೂರಕ್ಕೆ ಪೆಟ್ಟಾಗಿದೆಯೇ ಎಂಬುದು ಈಗ ಗೊತ್ತಾಗುವುದಿಲ್ಲ, ಮೂರು ತಿಂಗಳು ಕಾದು ನೋಡಬೇಕು.

ಮರುದಿನ ಮಾಲೀಕರು ಯಂತ್ರದ ದಾಖಲೆ ತೆಗೆಸಿದರು. ಬಾಗಿಲು ಮುಚ್ಚಿದೆ ಎಂದಿತ್ತು. ಅವರು ಬಾಗಿಲನ್ನು ಎತ್ತಿ ಪರೀಕ್ಷಿಸಿದರು. ಯಂತ್ರ ಸರಿಯಾಗಿ ಕೂಗಿತು.

"ಬಾಗಿಲು ಸರಿ ಐತಲ್ಲಮ್ಮ. ಇವ್ರು ಸ್ವಿಚ್ಚಿಲ್ಲದ ಪಕ್ಕದ ಮುಚ್ಚಳ ಬಿಚ್ಚಿ ಕೈ ಹಾಕಿರ್ಬೇಕು. ನೀನು ನೋಡಿದ್ಯಾ?"

"ನಾನು ಪರದೆ ನೋಡ್ತಿದ್ದೆ ಸರ್," ಎಂದೆ. ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಅದು ಬಾಯಿಗೆ ಅಷ್ಟು ಸಲೀಸಾಗಿ ಬಂತು.

ಅವರು ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯ ಖರ್ಚೆಲ್ಲವನ್ನೂ ತಾವೇ ನೋಡಿಕೊಂಡರು. ಆದರೆ ಹೊರಡುವಾಗ ಹೇಳಿದರು, "ಕಣ್ಣು ವಾಸಿ ಆದ್ರೂ ಅವ್ರನ್ನ ಮತ್ತೆ ಯಂತ್ರದ ಮುಂದೆ ಕೂರ್ಸೋದು ಕಷ್ಟ. ಬಾಗ್ಲು ತೆಗ್ದಿದ್ನೋ, ಮುಚ್ಚಳ ಬಿಚ್ಚಿದ್ನೋ ಅಂತ ಅವ್ರಿಗೇ ಈಗ ಗೊತ್ತಿಲ್ಲ."

ಆಮೇಲಿನ ದಿನಗಳು ಒಂದೇ ಥರ. ಬೆಳಿಗ್ಗೆ ಬೀಗ ತೆಗೆದು ಯಂತ್ರ ಚಾಲೂ ಮಾಡುವುದು, ನಾನೇ ಹರಳು ಕೂರಿಸುವುದು, ನಾನೇ ನೋಡುವುದು. ಮಾತಿಲ್ಲ. ಎದುರಿಗೆ ಖಾಲಿ ಸ್ಟೂಲು. ಊಟದ ಡಬ್ಬಿ ತೆಗೆದರೆ ಉಪ್ಪಿನಕಾಯಿ ಕೇಳುವವರಿಲ್ಲ. ಹಾಳಾದ ತುಂಡುಗಳ ಡಬ್ಬಿಯಲ್ಲಿ ಆ ಹರಳು ಇತ್ತು. ಸೂಕ್ಷ್ಮದರ್ಶಕದಡಿ ಇಟ್ಟರೆ ಕೊನೆಯ ಸಾಲಿನಲ್ಲಿ ಚಿಮಟ ತಾಗಿ ಜರುಗಿದಲ್ಲಿಂದ ಮೂರು ತೂತು ಸಾಲು ತಪ್ಪಿದ್ದವು. ಎರಡು ಪೂರ್ತಿ, ಒಂದು ತಳದಿಂದ ಅರ್ಧದವರೆಗೆ ಮಾತ್ರ. ಮೇಲಿನ ಮೈ ನುಣ್ಣಗೆ, ಏನೂ ಆಗಿಲ್ಲವೆಂಬಂತೆ. ಮೊದಲನೆಯದಕ್ಕೇ ಗುಂಡಿ ಒತ್ತಿದ್ದರೆ ಎಂದು ದಿನಕ್ಕೆ ಎಷ್ಟು ಸಲ ಅಂದುಕೊಂಡೆನೋ.

ಸಂಜೆ ತುಂಗಭದ್ರೆಯ ಸೇತುವೆಯವರೆಗೆ ನಡೆದು ವಾಪಸ್ಸಾಗುತ್ತಿದ್ದೆ. ರೂಮಿನಲ್ಲಿ ಮಲಗಿದರೆ ಎರಡು ಗಂಟೆಗೆ ಎಚ್ಚರ. ಬಾಗಿಲು ಎತ್ತಿದ ಸದ್ದು, ಹಸಿರು, ಹಸಿರು, ಕಿಡಿ. ಮತ್ತೆ ಮೊದಲಿನಿಂದ. ಎರಡು ದಿನ ರಜೆ ಹಾಕಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಅಕ್ಕ ನನ್ನ ಮುಖ ನೋಡಿ, "ಕಣ್ಣು ಕೆಟ್ಟಿದ್ದು ಅವ್ರದ್ದೋ ನಿಂದೋ," ಎಂದಳು. ಅವಳಿಗೂ ಅಯಸ್ಕಾಂತದ ವಿಷಯ ಹೇಳಲಿಲ್ಲ. ಅಕ್ಕನ ಮನೆಯಲ್ಲೂ ಎರಡಕ್ಕೇ ಎಚ್ಚರವಾಯಿತು. ಜಾಗ ಬದಲಾಯಿಸಿದರೆ ಆಗುವ ಕೆಲಸ ಅದಾಗಿರಲಿಲ್ಲ.

ಮೂರು ತಿಂಗಳಾದ ಮೇಲೆ ಮಾಲೀಕರು ಫೋನು ಮಾಡಿ, ಶಿವಮೊಗ್ಗದಲ್ಲಿ ತೋರಿಸಿದೆವು, ಮಸೂರ ಚೆನ್ನಾಗಿದೆಯಂತೆ ಎಂದರು. ನನಗೆ ಅಳು ಬಂತು. ಆ ರಾತ್ರಿಯಾದರೂ ನಿದ್ದೆ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಕಣ್ಣು ಉಳಿದಿತ್ತು. ಆದರೆ ಅವರನ್ನು ಕೆಲಸಕ್ಕೆ ಕರೆಯುವ ಮಾತನ್ನು ಮಾಲೀಕರು ಆಡಿರಲಿಲ್ಲ.

ಭಾನುವಾರ ನ್ಯಾಮತಿಯ ಬಸ್ಸು ಹತ್ತಿದೆ. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಯಾರದೋ ಗೋಡೆ ಗಡಿಯಾರ ಬಿಚ್ಚಿಕೊಂಡಿದ್ದರು. ಭೂತಗನ್ನಡಿ ಎಡಗಣ್ಣಿನಲ್ಲಿತ್ತು.

"ಬಾ ತಂಗಿ. ಏನು ಇಷ್ಟು ಸೊರಗಿದಿ, ಹೊನ್ನಾಳಿಯಾಗೆ ಅನ್ನ ಸಿಗಂಗಿಲ್ಲೇನು," ಎಂದರು. ಒಳಗೆ ನೋಡಿ, "ಏ, ಎಂಎಸ್ಸಿ ಮೇಡಮ್ಮು ಬಂದಾರೆ, ಚಾ ಇಡು," ಎಂದು ಕೂಗಿದರು.

"ಡಾಕ್ಟ್ರು ಚೆನ್ನಾಗೈತೆ ಅಂದ್ರಂತಲ್ಲ ಅಣ್ಣಾರೇ. ಮತ್ತೆ ಎಡಗಣ್ಣಿಗೆ ಯಾಕೆ?"

"ಬಲಗಣ್ಣು ಚೆನ್ನಾಗೇ ಐತೆ. ನಂಬಿಕೆ ಬರವಲ್ದು." ಕೈಯಲ್ಲಿದ್ದ ಚಕ್ರವನ್ನು ಕೆಳಗಿಟ್ಟರು. "ಕಣ್ಣಿನ ಮಾತಲ್ಲ ಬಿಡು. ತಲೆ ಮಾತು. ನಾನು ಬಾಗ್ಲು ತೆಗ್ದೇ ಕೈ ಹಾಕಿದ್ದು ಅಂತ ನನಗೆ ನೆನಪೈತೆ. ಮಿಷಿನ್ನು ಇಲ್ಲ ಅಂತೈತೆ. ಅದು ಸುಳ್ಳು ಹೇಳಂಗಿಲ್ಲ. ಹಂಗಾರೆ ನನಗೆ ಮರೆವು ಹಿಡ್ದೈತೆ. ಮೊನ್ನೆ ಅಂಗಡಿಗೆ ಹೋಗಿ ಬಂದು, ಮನೆ ಬೀಗ ಹಾಕಿದ್ನೋ ಇಲ್ವೋ ಅಂತ ಎರಡು ಸಲ ವಾಪಸ್ ಬಂದೆ."

ನಾನು ಕೈಚೀಲದಿಂದ ಅಯಸ್ಕಾಂತ ತೆಗೆದು ಗಡಿಯಾರದ ಪಕ್ಕ ಇಟ್ಟೆ. ಹತ್ತಿರವಿದ್ದ ಒಂದು ತಿರುಪು ಸರಿದು ಬಂದು ಅದಕ್ಕೆ ಅಂಟಿತು.

"ಎಲ್ಲಿತ್ತು ಇದು?"

"ಯಂತ್ರದ ಚೌಕಟ್ಟಿನ ಮೇಲೆ, ಹಾರದ ಹಿಂದೆ. ಆರತಿ ಹೊತ್ತಿಗೆ ಕೂಗಬಾರದು ಅಂತ ನಾನೇ ಇಟ್ಟಿದ್ದೆ. ತೆಗೆಯೋದು ಮರೆತೆ. ನೀವು ಬಾಗಿಲು ತೆಗೆದಿದ್ದು ನಿಜ ಅಣ್ಣಾರೇ. ಮಿಷಿನ್ನಿಗೆ ಅದು ಗೊತ್ತಾಗಲಿಲ್ಲ."

ಅವರ ಹೆಂಡತಿ ಚಹಾ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದರು. ಅಣ್ಣಾರು ಅಯಸ್ಕಾಂತದಿಂದ ತಿರುಪನ್ನು ಬಿಡಿಸಿದರು, ಅದು ಮತ್ತೆ ಅಂಟಿತು, ಮತ್ತೆ ಬಿಡಿಸಿದರು.

"ಮೂರು ತಿಂಗಳು ನಿನ್ನ ಚೀಲದಾಗಿತ್ತೇನು?"

"ಹೂಂ."

"ನಾನು ಅವತ್ತು ಕೇಳಿದ್ದೆ, ಕಂಡ್ಯಾ ಅಂತ."

"ಕೇಳಿದ್ರಿ."

"ಕಣ್ಣಿಗೆ ಆಗಿದ್ದಕ್ಕೆ ನಾನು ಏನೂ ಅನ್ನಂಗಿಲ್ಲ. ಕನ್ನಡಕ ಮೊಳೆ ಮ್ಯಾಲಿತ್ತು, ಹಾಕ್ಕೊಳ್ಳಲಿಲ್ಲ, ಅದು ನನ್ನದು. ಆದ್ರೆ ಮೂರು ತಿಂಗಳು ನನಗೆ ಮರೆವು ಅಂತ ನನ್ನನ್ನೇ ನಾನು ಅನುಮಾನ ಪಟ್ಟೆನಲ್ಲ." ಅಲ್ಲಿಗೆ ನಿಲ್ಲಿಸಿದರು. ಲೋಟವನ್ನು ನನ್ನ ಕಡೆ ಸರಿಸಿ, "ಚಾ ಕುಡಿ, ಆರ್ತೈತೆ," ಎಂದರು. ನಾನು ಬಸ್ಸಿಗೆ ಎದ್ದಾಗ ಮಾತ್ರ ಹೇಳಿದರು, "ಯಜಮಾನ್ರಿಗೆ ಇದನ್ನೇ ಹೋಗಿ ಹೇಳು. ಫೋನ್ನಾಗೆ ಬ್ಯಾಡ. ನಿನ್ನ ಜತೆ ನಾನು ಬರಂಗಿಲ್ಲ."

ಮರುದಿನ ಚನ್ನಗಿರಿಗೆ ಹೋದೆ. ನಲ್ಲೂರಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗಿಬಿಡಲೇ ಎಂದು ಒಮ್ಮೆ ಅನಿಸಿತು. ಮಾಲೀಕರು ಮನೆಯ ಪಡಸಾಲೆಯಲ್ಲಿ ಕೂರಿಸಿ ಎಲ್ಲ ಕೇಳಿದರು, ಸಿಟ್ಟಾಗಲಿಲ್ಲ. "ಅವ್ರು ಮೊದ್ಲು ಹಂಗೇ ಹೇಳಿದ್ರು, ನಾನು ಮಿಷಿನ್ ಮಾತು ನಂಬಿದೆ," ಎಂದು ಫೋನು ತೆಗೆದುಕೊಂಡು ಎದ್ದು ಹೊರಗೆ ಹೋದರು. ಕಿಟಕಿಯಾಚೆ ಅವರು ನ್ಯಾಮತಿಗೆ ಮಾತಾಡುವುದು ಕೇಳಿಸಿತು: "ನಾಳೆಯಿಂದ ಬರ್ರಿ. ಇಲ್ಲ ಇಲ್ಲ, ತಪ್ಪು ನಂದೂ ಐತೆ. ಬರ್ರಿ." ಒಳಗೆ ಬಂದು ನನಗೆ ಹೇಳಿದರು, "ನೀನು ಸದ್ಯಕ್ಕೆ ಯಂತ್ರ ಮುಟ್ಟಬ್ಯಾಡ. ತೂತು ನೋಡೋದು ಮಾಡು. ಆಮೇಲೆ ನೋಡೋಣ."

ಮಂಗಳವಾರ ಅಣ್ಣಾರು ಬಂದರು. ನಾನು ಮೂಲೆಯಲ್ಲಿ ಸೂಕ್ಷ್ಮದರ್ಶಕದ ಮುಂದಿದ್ದೆ. ನನ್ನ ಕಡೆ ನೋಡಲಿಲ್ಲ. ಮೊಳೆಯಿಂದ ಕಿತ್ತಳೆ ಕನ್ನಡಕ ತೆಗೆದು ಹಾಕಿಕೊಂಡರು. ಯಂತ್ರದೊಳಗೆ ಹಾಳಾದ ಒಂದು ತುಂಡು ಕೂರಿಸಿ, ಬಾಗಿಲು ಇಳಿಸಿ, ಚಾಲೂ ಮಾಡಿದರು. ಪರದೆಯ ಮೇಲೆ ಒಂದು ತೂತು ಹಸಿರಾಯಿತು, ಎರಡನೆಯದು ಶುರುವಾಯಿತು. ದೂರ ನಿಂತು, ಕೈಯನ್ನು ಉದ್ದ ಚಾಚಿ, ಬಾಗಿಲು ಎತ್ತಿದರು.

ಕೀಂ ಎಂದು ಕೂಗಿ ಯಂತ್ರ ನಿಂತಿತು. ಹಸಿರು ಮುಂದೆ ಹೋಗಲಿಲ್ಲ.

ಅವರು ಆ ಕೂಗನ್ನು ಸುಮಾರು ಹೊತ್ತು ಹಾಗೇ ಬಿಟ್ಟು ಕೇಳಿದರು. ಆಮೇಲೆ ಪರದೆಯ ಹತ್ತಿರ ಬಂದು ಬಗ್ಗಿ, "ಏನು ಬರ್ಕೊಂಡೈತೆ ಓದು," ಎಂದರು.

ನಾನು ಎದ್ದು ಬಂದು ಓದಿದೆ. "ಒಂಬತ್ತು ಹದಿನೇಳು. ಲೇಸರ್ ನಿಂತಿದೆ. ಬಾಗಿಲು ತೆರೆದಿದೆ."

"ಹೂಂ," ಎಂದರು. "ದಿನಾ ಬೆಳಿಗ್ಗೆ ಮೊದಲು ಇದು. ಆಮ್ಯಾಲೆ ಕೆಲಸ."

ಅವತ್ತು ಅಷ್ಟೇ ಮಾತು. ತಂಗಿ ಎನ್ನಲಿಲ್ಲ, ಎಂಎಸ್ಸಿ ಮೇಡಮ್ಮೂ ಎನ್ನಲಿಲ್ಲ. ಮಧ್ಯಾಹ್ನ ಅವರು ತಮ್ಮ ಡಬ್ಬಿ ಹಿಡಿದು ಹೊರಗಿನ ಜಗಲಿಗೆ ಹೋದರು, ನಾನು ಒಳಗೇ ಊಟ ಮಾಡಿದೆ. ಸಂಜೆ ಅವರ ಬಸ್ಸಿನ ಹೊತ್ತಿಗೆ, ಕಿಟಕಿಯ ಹತ್ತಿರ ನಿಂತು ಕೊನೆಯ ಹರಳನ್ನು ಬೆಳಕಿಗೆ ಹಿಡಿದಿದ್ದರು. ಭೂತಗನ್ನಡಿ ಬಲಗಣ್ಣಿನಲ್ಲಿತ್ತು. "ಐದ್ನೇ ಸಾಲು, ನಡುವಿಂದು," ಎಂದು ಗೋಡೆಗೆ ಹೇಳುವ ಹಾಗೆ ಹೇಳಿ, ಹರಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಐದನೆಯ ಸಾಲು, ನಡುವಿನದು, ಅಂಚು ಒಡೆದಿತ್ತು.

ಸೇತುವೆಯ ಕಡೆ ಹೋಗಲಿಲ್ಲ. ರೂಮಿಗೆ ಬಂದು, ಉಂಡು, ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು, ಹೊರಗೆ ಶಾಲೆಗೆ ಹೋಗುವ ಮಕ್ಕಳ ಗಲಾಟೆ. ಫೋನು ನೋಡಿದೆ, ಎಂಟು ಹತ್ತು. ಒಂಬತ್ತಕ್ಕೆ ಅವರ ಬಸ್ಸು ಬರುತ್ತದೆ, ಬೀಗದ ಕೈ ನನ್ನ ಹತ್ತಿರ ಇದೆ ಎಂದು ದಡಬಡನೆ ಎದ್ದೆ.